ಅಡಿಪಾಯದ ಮೇಲಿರುವ ಮನೆ, ಅಡಿಪಾಯಕ್ಕೆ ಕಟ್ಟಿದ ಮನೆ

ಈ ಸಂಚಿಕೆಗೆ ಆರಿಸಿದ ಆರು ಪತ್ರಗಳಲ್ಲಿ ಮೂರು ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಂದ ಬಂದವು. ಉಳಿದವು ಕುಂದಾಪುರ, ಆಳಂದ ಮತ್ತು ಬೆಂಗಳೂರಿನವು. ಮನೆಗಳು ಬೇರೆ ಬೇರೆ ಬಗೆಯವಾದರೂ ಎಲ್ಲರ ಸಂದೇಹದ ಬೇರು ಒಂದೇ: ಇಷ್ಟು ಭಾರದ ಮನೆ ತನ್ನ ಭಾರದಿಂದಲೇ ನಿಲ್ಲುವುದಿಲ್ಲವೇ, ಅದನ್ನು ಮತ್ತೆ ಕೆಳಗೆ ಕಟ್ಟಿಹಾಕಬೇಕೇ? ಆದ್ದರಿಂದ ಅವನ್ನು ಒಟ್ಟಿಗೆ ಉತ್ತರಿಸಿದ್ದೇನೆ.

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ 1936ರಲ್ಲಿ ಕಟ್ಟಿದ ಒಂದಂತಸ್ತಿನ ಮರದ ಮನೆಯನ್ನು ಕೊಂಡಿದ್ದೇವೆ. ನೆಲದ ಹಲಗೆಗಳ ಅಡಿಯಲ್ಲಿ ತೆವಳಿಕೊಂಡು ಹೋಗುವಷ್ಟು ಜಾಗವಿದೆ. ಕೊಳ್ಳುವ ಮೊದಲು ತಪಾಸಣೆಗೆ ಬಂದವರು ‘ಮನೆ ಅಡಿಪಾಯಕ್ಕೆ ಬೋಲ್ಟ್ ಆಗಿಲ್ಲ’ ಎಂದು ವರದಿಯಲ್ಲಿ ಬರೆದರು. 1989ರ ಭೂಕಂಪವನ್ನೂ ತಾಳಿಕೊಂಡ ಮನೆಗೆ ಈಗ ಬೋಲ್ಟ್ ಹಾಕಿಸುವ ಅಗತ್ಯವಿದೆಯೇ? ಹಾಕಿಸುವುದಾದರೆ ಕೆಲಸ ಸರಿಯಾಗಿದೆಯೆಂದು ನಾವು ತಿಳಿಯುವುದು ಹೇಗೆ?

ಉತ್ತರ: ಅಗತ್ಯವಿದೆ. 1989ರ ಅಕ್ಟೋಬರ್ 17ರ ಸಂಜೆ 5 ಗಂಟೆ 4 ನಿಮಿಷಕ್ಕೆ ಆದ ಲೋಮಾ ಪ್ರಿಯೇಟಾ ಭೂಕಂಪದ ತೀವ್ರತೆ 6.9 ಆಗಿತ್ತು, ನಿಜ. ಆದರೆ ಅದರ ಕೇಂದ್ರ ಸಾಂತಾ ಕ್ರೂಜ್ ಬೆಟ್ಟಸಾಲಿನಲ್ಲಿತ್ತು. ಅದಕ್ಕೆ ಹತ್ತಿರವಿದ್ದ ಸಾಂತಾ ಕ್ರೂಜ್, ವಾಟ್ಸನ್‌ವಿಲ್ ಮತ್ತು ಲಾಸ್ ಗಾಟೋಸ್ ಊರುಗಳಲ್ಲಿ ನಿಮ್ಮದರಂಥ ಹಳೆಯ ಮರದ ಮನೆಗಳು ಅಡಿಪಾಯದಿಂದ ಜಾರಿ ಪಕ್ಕಕ್ಕೆ ಕುಸಿದು ಕೂತವು. ನಿಮ್ಮ ಮನೆ ಆ ದಿನ ಉಳಿದದ್ದು ಆ ದೂರಕ್ಕೆ ಮತ್ತು ಅಲ್ಲಿನ ಮಣ್ಣಿಗೆ ತಲುಪಿದ ಅಲುಗಾಟವನ್ನು ತಾಳಿಕೊಂಡದ್ದರಿಂದ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಡದಲ್ಲಿ, ಬಹಳ ಹತ್ತಿರದಲ್ಲಿ ಹಾದುಹೋಗುವ ಹೇವರ್ಡ್ ಎಂಬ ಭೂಬಿರುಕು ಅದಕ್ಕೆ ಒಡ್ಡಬಹುದಾದ ಪರೀಕ್ಷೆ ಬೇರೆಯದು.

ಮೊದಲು ಮನೆಯ ಕಟ್ಟಣೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಸುತ್ತಲೂ ತಗ್ಗಾದ ಕಾಂಕ್ರೀಟ್ ಗೋಡೆಯೊಂದು ನೆಲದಿಂದ ಒಂದಡಿಯಷ್ಟು ಮೇಲೆದ್ದಿರುತ್ತದೆ, ಅದೇ ಅಡಿಪಾಯ. ಅದರ ತಲೆಯ ಮೇಲೆ ಉದ್ದಕ್ಕೆ ಮಲಗಿಸಿದ ಮರದ ಪಟ್ಟಿಗೆ ಅಲ್ಲಿನವರು ಮಡ್‌ಸಿಲ್ ಎನ್ನುತ್ತಾರೆ. ನಾನು ಅದನ್ನು ಅಡಿತೊಲೆ ಎಂದು ಕರೆಯುತ್ತೇನೆ. ಅಡಿತೊಲೆಯ ಮೇಲೆ ಒಂದೆರಡು ಅಡಿ ಎತ್ತರದ ಸಣ್ಣ ಮರದ ಕಂಬಗಳ ಸಾಲು ನಿಂತಿದ್ದರೆ ಅದು ಕ್ರಿಪಲ್ ವಾಲ್, ಅಂದರೆ ಗಿಡ್ಡಗೋಡೆ. ನೆಲದ ತೊಲೆಗಳು ಕೂರುವುದು ಈ ಗಿಡ್ಡಗೋಡೆಯ ಮೇಲೆ, ಮತ್ತು ಇಡೀ ಮನೆ ಕೂರುವುದು ಆ ತೊಲೆಗಳ ಮೇಲೆ. 1940ಕ್ಕೂ ಮೊದಲು ಕಟ್ಟಿದ ಬಹಳಷ್ಟು ಮನೆಗಳಲ್ಲಿ ಅಡಿತೊಲೆ ಕಾಂಕ್ರೀಟಿನ ಮೇಲೆ ಸುಮ್ಮನೆ ಕೂತಿರುತ್ತದೆ, ಇಲ್ಲವೇ ಅಲ್ಲೊಂದು ಇಲ್ಲೊಂದು ಮೊಳೆಯಷ್ಟೇ ಅದನ್ನು ಹಿಡಿದಿರುತ್ತದೆ.

ಭೂಕಂಪದಲ್ಲಿ ಮನೆಯನ್ನು ಯಾರೂ ಬಂದು ತಳ್ಳುವುದಿಲ್ಲ. ನೆಲವೇ ಮನೆಯ ಅಡಿಯಿಂದ ಸರಿಯುತ್ತದೆ. ನಿಂತಿದ್ದ ಬಸ್ಸು ತಟ್ಟನೆ ಹೊರಟಾಗ ಕಾಲು ಬಸ್ಸಿನೊಡನೆ ಹೋಗಿ ಮೈ ಹಿಂದೆ ಉಳಿಯುವಂತೆ, ಅಡಿಪಾಯ ನೆಲದೊಡನೆ ಹೋಗುತ್ತದೆ ಮತ್ತು ಮನೆ ಇದ್ದಲ್ಲೇ ಉಳಿಯಲು ನೋಡುತ್ತದೆ. ನೆಲದ ವೇಗೋತ್ಕರ್ಷ ಗುರುತ್ವದ ಅರ್ಧದಷ್ಟಾಯಿತೆಂದುಕೊಳ್ಳಿ. 25 ಟನ್ ತೂಗುವ ಮನೆಯನ್ನು ಜೊತೆಯಲ್ಲಿ ಎಳೆದೊಯ್ಯಲು ಅಡಿಪಾಯಕ್ಕೂ ಅಡಿತೊಲೆಗೂ ನಡುವೆ 12 ಟನ್‌ಗೂ ಹೆಚ್ಚು ಅಡ್ಡಬಲ ದಾಟಿಹೋಗಬೇಕು. ಭಾರದಿಂದ ಹುಟ್ಟುವ ಘರ್ಷಣೆ ಇದನ್ನು ತಡೆಯುವುದಿಲ್ಲವೇ ಎಂದು ನೀವು ಕೇಳಬಹುದು. ಎಂಜಿನಿಯರುಗಳು ಆ ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಏಕೆಂದರೆ ನೆಲ ಅಡ್ಡಕ್ಕೆ ಮಾತ್ರವಲ್ಲದೆ ಮೇಲೆ ಕೆಳಗೂ ಕುಲುಕುತ್ತದೆ, ಮನೆ ಒಂದು ಬದಿಗೆ ವಾಲಿದಾಗ ಇನ್ನೊಂದು ಬದಿಯ ಒತ್ತಡ ಹಗುರಾಗುತ್ತದೆ, ಜೊತೆಗೆ ಮನೆಯ ತೂಕದ ದೊಡ್ಡ ಪಾಲು ಸುತ್ತಗೋಡೆಯ ಮೇಲಲ್ಲದೆ ನಡುವಿನ ಬಿಡಿ ಕಂಬಗಳ ಮೇಲಿರುತ್ತದೆ. ಭಾರ ಹಿಡಿತವಲ್ಲ. ಭಾರ ಹೆಚ್ಚಿದಷ್ಟೂ ಭೂಕಂಪದ ತಳ್ಳು ಹೆಚ್ಚುತ್ತದೆ ಎಂಬುದನ್ನು ಮರೆಯಬಾರದು.

ಈಗ ಕೆಲಸದ ವಿಷಯ. ಬೋಲ್ಟ್ ಹಾಕಿದರೆ ಅಡಿತೊಲೆ ಜಾರುವುದು ನಿಲ್ಲುತ್ತದೆ, ಅಷ್ಟೇ. ಅದರ ಮೇಲಿನ ಗಿಡ್ಡಗೋಡೆಗೆ ಹೊರಗಿನಿಂದ ಅಡ್ಡಹಲಗೆಯೋ ಗಾರೆಯೋ ಮಾತ್ರ ಇದ್ದರೆ, ಆ ಸಣ್ಣ ಕಂಬಗಳ ಸಾಲು ಇಸ್ಪೀಟಿನ ಮನೆಯಂತೆ ಒಂದೇ ಕಡೆಗೆ ಮಲಗುತ್ತದೆ. ಅಡಿತೊಲೆ ಅಡಿಪಾಯದ ಮೇಲೆ ಭದ್ರವಾಗಿ ಉಳಿದು, ಮನೆ ಎರಡಡಿ ಕೆಳಗೆ ಬಿದ್ದಿರುತ್ತದೆ. ಆದ್ದರಿಂದ ಗಿಡ್ಡಗೋಡೆಯ ಒಳಮೈಗೆ ಪ್ಲೈವುಡ್ ಹೊಡೆಸಬೇಕು. ಪ್ಲೈವುಡ್ಡಿನ ಅಂಚಿನುದ್ದಕ್ಕೂ ಸುಮಾರು 4 ಅಂಗುಲಕ್ಕೊಂದರಂತೆ ಮೊಳೆ ಬೀಳಬೇಕು. ಹಲಗೆಯ ಬಲ ಹಲಗೆಯಲ್ಲಿಲ್ಲ, ಆ ಮೊಳೆಗಳ ಸಾಲಿನಲ್ಲಿದೆ. ಮೂರನೆಯದಾಗಿ, ಗಿಡ್ಡಗೋಡೆಯ ತಲೆಗೂ ಮೇಲಿನ ನೆಲದ ತೊಲೆಗಳಿಗೂ ಉಕ್ಕಿನ ಕ್ಲಿಪ್ಪುಗಳನ್ನು ಹಾಕಬೇಕು. ಈ ಮೂರರಲ್ಲಿ ಒಂದನ್ನು ಬಿಟ್ಟರೂ ಬಲ ಅಲ್ಲಿಯೇ ಹಾದಿ ತಪ್ಪುತ್ತದೆ.

ಬೋಲ್ಟಿನ ಬಗ್ಗೆ ಒಂದಿಷ್ಟು ವಿವರ ಹೇಳಬೇಕು. ಹೊಸ ಮನೆಗಳಿಗೆ ಅಲ್ಲಿನ ವಸತಿ ಕಟ್ಟಡ ಸಂಹಿತೆ ಹೇಳುವ ಕನಿಷ್ಠ ಅಳತೆ ಹೀಗಿದೆ: ಅರ್ಧ ಅಂಗುಲ ದಪ್ಪದ ಬೋಲ್ಟ್ ಕಾಂಕ್ರೀಟಿನೊಳಗೆ 7 ಅಂಗುಲ ಇಳಿದಿರಬೇಕು, ಬೋಲ್ಟಿಗೂ ಬೋಲ್ಟಿಗೂ ಅಂತರ 6 ಅಡಿಗಿಂತ ಹೆಚ್ಚಿರಬಾರದು, ಅಡಿತೊಲೆಯ ಪ್ರತಿ ತುಂಡಿಗೂ ಕನಿಷ್ಠ ಎರಡು ಬೋಲ್ಟ್ ಇರಬೇಕು, ಮತ್ತು ತುಂಡಿನ ತುದಿಯಿಂದ 12 ಅಂಗುಲದೊಳಗೆ ಒಂದಿರಲೇಬೇಕು. ಭೂಕಂಪದ ಪ್ರದೇಶದಲ್ಲಿ ಸಣ್ಣ ದುಂಡು ವಾಷರ್ ಸಾಲದು. 3 ಅಂಗುಲ ಚೌಕದ ದಪ್ಪ ಉಕ್ಕಿನ ತಟ್ಟೆ ಬೇಕು, ಇಲ್ಲದಿದ್ದರೆ ಪ್ಲೈವುಡ್ ಅಡಿತೊಲೆಯ ಒಂದಂಚನ್ನು ಮೇಲಕ್ಕೆತ್ತಿ ಮರವನ್ನು ಬೋಲ್ಟಿನ ಸಾಲಿನುದ್ದಕ್ಕೂ ಸೀಳುತ್ತದೆ. ಹಳೆಯ ಮನೆಗೆ ಹಾಕುವಾಗ 5/8 ಅಂಗುಲದ ಬೋಲ್ಟನ್ನು ಬಳಸುವುದು ವಾಡಿಕೆ. ಕಾಂಕ್ರೀಟ್ ಗಟ್ಟಿಯಾಗಿದ್ದರೆ ಒಳಗೆ ಹಿಗ್ಗಿ ಹಿಡಿಯುವ ಬೋಲ್ಟ್ ಸಾಕು. 1936ರ ಕಾಂಕ್ರೀಟು ಸುತ್ತಿಗೆಯಿಂದ ತಟ್ಟಿದರೆ ಮಂದವಾಗಿ ಸದ್ದು ಮಾಡುವುದೋ, ಅಂಚು ಪುಡಿಯಾಗುವುದೋ ಕಂಡರೆ, ಆ ಹಿಗ್ಗುವ ಬೋಲ್ಟೇ ಅದನ್ನು ಸೀಳಬಹುದು. ಅಲ್ಲಿ ಎಪಾಕ್ಸಿ ಅಂಟಿನಲ್ಲಿ ಕೂರಿಸುವ ಸಲಾಕೆ ಮೇಲು. ಎಪಾಕ್ಸಿ ಹಾಕುವ ಮೊದಲು ತೂತಿನ ಪುಡಿಯನ್ನು ಬ್ರಷ್ ಹಾಕಿ, ಗಾಳಿ ಊದಿ ಪೂರ್ತಿ ತೆಗೆಯಬೇಕು. ಈ ಕೆಲಸಕ್ಕೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ, ಆದರೂ ಕೆಲಸಗಳ್ಳತನ ನಡೆಯುವುದು ಇದರಲ್ಲೇ. ಪುಡಿಗೆ ಅಂಟಿದ ಎಪಾಕ್ಸಿ ಕಾಂಕ್ರೀಟಿಗೆ ಅಂಟುವುದಿಲ್ಲ.

ಕೆಲಸ ಮುಗಿದ ಮೇಲೆ ಟಾರ್ಚ್ ಹಿಡಿದು ನೀವೇ ಒಮ್ಮೆ ತೆವಳಿ ನೋಡಿ. ಹಳೆಯ ಮನೆಗಳಲ್ಲಿ ಅಡಿತೊಲೆ 6 ಅಂಗುಲ ಅಗಲವಿದ್ದು, ಮೇಲಿನ ಕಂಬಗಳು 4 ಅಂಗುಲದವಾಗಿರುತ್ತವೆ. ಆಗ ಕಂಬದ ಮೈಗೂ ಅಡಿತೊಲೆಯ ಅಂಚಿಗೂ ಎರಡಂಗುಲದ ವ್ಯತ್ಯಾಸ ಉಳಿಯುವುದರಿಂದ ಪ್ಲೈವುಡ್ಡಿನ ಕೆಳ ಅಂಚಿಗೆ ಮೊಳೆ ಹಿಡಿಯಲು ಮರವೇ ಇರುವುದಿಲ್ಲ. ಕಂಬಗಳ ನಡುವೆ ಮರದ ತುಂಡುಗಳನ್ನು ಅಡಿತೊಲೆಗೆ ಬಡಿದು ಆ ಜಾಗ ತುಂಬಬೇಕು. ನಾನು ಕಂಡ ಒಂದು ಮನೆಯಲ್ಲಿ ಬೋಲ್ಟು, ಪ್ಲೈವುಡ್ಡು ಎಲ್ಲವೂ ಅಚ್ಚುಕಟ್ಟಾಗಿದ್ದವು. ಈ ತುಂಡುಗಳು ಮಾತ್ರ ಇರಲಿಲ್ಲ, ಪ್ಲೈವುಡ್ಡಿನ ಕೆಳ ಅಂಚು ಗಾಳಿಯಲ್ಲಿ ನಿಂತಿತ್ತು. ಮಾಡಿದ ಖರ್ಚೆಲ್ಲ ಆ ಎರಡಂಗುಲದಲ್ಲಿ ವ್ಯರ್ಥವಾಗಿತ್ತು. ಪ್ಲೈವುಡ್ಡಿನಲ್ಲಿ ಪ್ರತಿ ಕಂಬಗಳ ನಡುವೆ ಮೇಲೊಂದು ಕೆಳಗೊಂದು ಗಾಳಿಯಾಡುವ ತೂತೂ ಇರಬೇಕು, ಇಲ್ಲವಾದರೆ ತೇವ ಸಿಕ್ಕಿಕೊಂಡು ಮರ ಕೊಳೆಯುತ್ತದೆ. ಕೆಲಸ ಶುರುವಾಗುವ ಮುನ್ನವೇ ಅಡಿತೊಲೆಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಗೆದ್ದಲು ತಿಂದ ಮರಕ್ಕೆ ಎಷ್ಟು ಬೋಲ್ಟ್ ಹಾಕಿದರೂ ಫಲವಿಲ್ಲ.

ಹಣದ ಮಾತು. ಕ್ಯಾಲಿಫೋರ್ನಿಯಾದಲ್ಲಿ ‘ಅರ್ತ್‌ಕ್ವೇಕ್ ಬ್ರೇಸ್ ಪ್ಲಸ್ ಬೋಲ್ಟ್’ ಎಂಬ ಯೋಜನೆಯಿದ್ದು, 1980ಕ್ಕೂ ಮೊದಲು ಕಟ್ಟಿದ ಇಂಥ ಮನೆಗಳಿಗೆ, ನಿಗದಿತ ಪಿನ್ ಕೋಡುಗಳಲ್ಲಿ, 3,000 ಡಾಲರ್‌ವರೆಗೆ ನೆರವು ಕೊಡುತ್ತಾ ಬಂದಿದೆ. ನೋಂದಣಿ ವರ್ಷವಿಡೀ ತೆರೆದಿರುವುದಿಲ್ಲ, ಮತ್ತು ಆಯ್ಕೆಯಾಗುವ ಮೊದಲೇ ಕೆಲಸ ಶುರುಮಾಡಿದರೆ ನೆರವು ಸಿಗುವುದಿಲ್ಲ. ಆದ್ದರಿಂದ ಮೊದಲು ಅರ್ಜಿ, ಆಮೇಲೆ ಗುತ್ತಿಗೆದಾರರು. ನಗರಸಭೆಯ ಪರವಾನಗಿಯನ್ನು ತಪ್ಪಿಸಬೇಡಿ; ಪರವಾನಗಿಯಿದ್ದರೆ ಬೇರೊಬ್ಬರ ಕಣ್ಣು ಕೆಲಸದ ಮೇಲೆ ಬೀಳುತ್ತದೆ. ಬಿಸಿನೀರಿನ ಟ್ಯಾಂಕನ್ನು ಮೇಲ್ಭಾಗದಲ್ಲೊಂದು, ಕೆಳಭಾಗದಲ್ಲೊಂದು ಪಟ್ಟಿ ಹಾಕಿ ಗೋಡೆಗೆ ಬಿಗಿಸುವುದೂ ಆ ರಾಜ್ಯದಲ್ಲಿ ಕಡ್ಡಾಯ. ಟ್ಯಾಂಕು ಉರುಳಿದರೆ ಗ್ಯಾಸಿನ ಕೊಳವೆ ಮುರಿಯುತ್ತದೆ. ನಿಂತ ಮನೆಯೂ ಆಮೇಲೆ ಸುಡುತ್ತದೆ.

ಪ್ರಶ್ನೆ: ಓಕ್ಲೆಂಡಿನ ನಮ್ಮ ಮನೆಗೆ ಇದೇ ಕೆಲಸ ಮಾಡಿಸುತ್ತಿದ್ದೇವೆ. ಗುತ್ತಿಗೆದಾರರು ಮೇಲಿನಿಂದ ಬೋಲ್ಟ್ ಹಾಕದೆ, ಪಕ್ಕದಿಂದ ಉಕ್ಕಿನ ತಟ್ಟೆಗಳನ್ನು ಹಾಕುತ್ತೇನೆ ಎನ್ನುತ್ತಾರೆ. ಮೋಸವೇ?

ಉತ್ತರ: ಮೋಸವಲ್ಲ. ಅಡಿತೊಲೆಯ ಮೇಲೆ ಡ್ರಿಲ್ ನಿಲ್ಲಿಸಲು ಜಾಗವಿಲ್ಲದ ಕಡೆ, ಅಂದರೆ ನೆಲದ ತೊಲೆಗಳು ನೇರವಾಗಿ ಅಡಿತೊಲೆಯ ಮೇಲೆಯೇ ಕೂತಿರುವ ಮನೆಗಳಲ್ಲಿ, ಒಂದು ಬದಿ ಕಾಂಕ್ರೀಟಿನ ಪಕ್ಕಕ್ಕೂ ಇನ್ನೊಂದು ಬದಿ ಅಡಿತೊಲೆಯ ಪಕ್ಕಕ್ಕೂ ಬಿಗಿಯುವ ತಟ್ಟೆಯೇ ದಾರಿ. ಹೀಗೆ ಕಟ್ಟಿದ ಮನೆಗೆ ಗಿಡ್ಡಗೋಡೆಯೇ ಇಲ್ಲದ್ದರಿಂದ ಪ್ಲೈವುಡ್ಡಿನ ಖರ್ಚೂ ಇಲ್ಲ. ತಟ್ಟೆಗೆ ಅದರ ತಯಾರಕರು ಹೇಳಿದ ಸ್ಕ್ರೂಗಳೇ ಬಿದ್ದಿವೆಯೇ, ಎಲ್ಲ ತೂತುಗಳೂ ತುಂಬಿವೆಯೇ ಎಂದಷ್ಟು ನೋಡಿಕೊಳ್ಳಿ. ಮನೆ ಇಳಿಜಾರಿನ ಗುಡ್ಡದ ಮೇಲಿದ್ದು, ಕೆಳಬದಿಯ ಗೋಡೆ ಆಳೆತ್ತರ ಇದ್ದರೆ ಸಿದ್ಧ ನಕ್ಷೆಯನ್ನು ನಂಬದೆ ಎಂಜಿನಿಯರರಿಂದಲೇ ವಿನ್ಯಾಸ ಮಾಡಿಸಬೇಕು.

ಪ್ರಶ್ನೆ: ಡಲ್ಲಾಸಿನ ಹೊರವಲಯದಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದೇವೆ. ಕಾಂಕ್ರೀಟ್ ಚಪ್ಪಡಿ ಹಾಕಿ, ಅದರ ಮೇಲೆ ಮರದ ಚೌಕಟ್ಟು ಎದ್ದಿದೆ. ಇಲ್ಲಿ ಭೂಕಂಪದ ಭಯವಿಲ್ಲ, ಸುಂಟರಗಾಳಿಯದೇ ಚಿಂತೆ. ಒಳಗೋಡೆ ಮುಚ್ಚುವ ಮೊದಲು ಏನನ್ನು ನೋಡಬೇಕು?

ಉತ್ತರ: ಕೇಳಿದ್ದು ಸರಿಯಾದ ಹೊತ್ತಿನಲ್ಲಿ. ಒಳಗಿನ ಜಿಪ್ಸಮ್ ಹಲಗೆ ಬಿದ್ದ ಮೇಲೆ ಇದೊಂದೂ ಕಾಣುವುದಿಲ್ಲ. ಗಾಳಿಯ ವಿಷಯದಲ್ಲಿ ಭೂಕಂಪಕ್ಕಿಂತ ಭಿನ್ನವಾದ ಒಂದು ಸಂಗತಿಯಿದೆ: ಗಾಳಿ ಮನೆಯನ್ನು ಪಕ್ಕಕ್ಕೆ ತಳ್ಳುವುದರ ಜೊತೆಗೆ ಮೇಲಕ್ಕೂ ಎತ್ತುತ್ತದೆ. ಆದ್ದರಿಂದ ಛಾವಣಿಯನ್ನು ಗೋಡೆಗೆ, ಗೋಡೆಯನ್ನು ಅಡಿತೊಲೆಗೆ, ಅಡಿತೊಲೆಯನ್ನು ಚಪ್ಪಡಿಗೆ ಕಟ್ಟಿದ ಸರಪಳಿ ಎಲ್ಲಿಯೂ ಕಡಿಯದಂತೆ ಇಳಿದಿದೆಯೇ ಎಂದು ಮೇಲಿನಿಂದ ನೋಡುತ್ತಾ ಬನ್ನಿ.

ಛಾವಣಿಯನ್ನು ಹೊರುವ ತ್ರಿಕೋನದ ಮರದ ಚೌಕಟ್ಟಿಗೆ, ಅಂದರೆ ಪ್ರತಿ ಟ್ರಸ್ಸಿಗೂ, ಗೋಡೆಯ ತಲೆಗೂ ಉಕ್ಕಿನ ಕ್ಲಿಪ್ ಇರಲಿ; ಓರೆಯಾಗಿ ಬಡಿದ ಮೊಳೆಗಳು ಎತ್ತುವ ಬಲಕ್ಕೆ ಸುಲಭವಾಗಿ ಕಿತ್ತುಬರುತ್ತವೆ. ಹೊರಗೋಡೆಯ ಓಎಸ್‌ಬಿ (ಮರದ ಚಕ್ಕೆಗಳನ್ನು ಅಂಟಿಸಿ ಒತ್ತಿದ) ಹಲಗೆ ಕಂಬಗಳ ಮೇಲಷ್ಟೇ ನಿಲ್ಲದೆ ಅಡಿತೊಲೆಯ ಮೇಲೂ ಇಳಿದು ಅಲ್ಲಿಯೂ ಮೊಳೆ ತಿಂದಿರಬೇಕು. ಕೆಳಗೆ ಬೋಲ್ಟುಗಳ ಅಂತರವನ್ನು ಟೇಪು ಹಿಡಿದು ಅಳೆಯಿರಿ. 6 ಅಡಿ, ತುದಿಯಿಂದ 12 ಅಂಗುಲ, ತುಂಡಿಗೆ ಎರಡು ಎಂಬ ಮೇಲಿನ ಲೆಕ್ಕವೇ ಇಲ್ಲಿಗೂ ಅನ್ವಯಿಸುತ್ತದೆ. ಬೋಲ್ಟ್ ಎದ್ದುನಿಂತಿದ್ದು, ನಟ್ಟು ಅಥವಾ ವಾಷರ್ ಇಲ್ಲದಿರುವುದು, ಬೋಲ್ಟ್ ತಪ್ಪು ಜಾಗದಲ್ಲಿದ್ದುದರಿಂದ ಅಡಿತೊಲೆಯ ಅಂಚನ್ನೇ ಕೊರೆದು ಕೂರಿಸಿರುವುದು ಹೊಸ ಮನೆಗಳಲ್ಲಿ ಸಿಗುವ ಮಾಮೂಲಿ ದೋಷಗಳು. ಬಂದೂಕಿನಂತೆ ಸಿಡಿಸಿ ಹೊಡೆಯುವ ಪಿನ್ನುಗಳು ಒಳಗೋಡೆಗಳಿಗೆ ಸರಿ, ಹೊರಗೋಡೆಯಲ್ಲಿ ಅವನ್ನೇ ಬೋಲ್ಟಿನ ಬದಲಿಗೆ ಒಪ್ಪಬೇಡಿ.

ಬೋಲ್ಟ್ ಕಡಿಮೆಯಿದೆಯೆಂದು ಕಂಡರೆ ಕೂಡಲೇ ಡ್ರಿಲ್ ಹಿಡಿಯಲು ಬಿಡಬೇಡಿ, ಇದು ಮುಖ್ಯ. ಡಲ್ಲಾಸಿನ ಮಣ್ಣು ನಮ್ಮ ಎರೆಮಣ್ಣಿನ ಹಾಗೆ ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವಂಥದ್ದಾದ್ದರಿಂದ, ಅಲ್ಲಿನ ಚಪ್ಪಡಿಗಳನ್ನು ಸಾಮಾನ್ಯವಾಗಿ ಒಳಗೆ ಉಕ್ಕಿನ ಹಗ್ಗ ಎಳೆದು ಬಿಗಿಸಿ ಕಟ್ಟುತ್ತಾರೆ. ಬಿಗಿದ ಆ ಹಗ್ಗವನ್ನು ಡ್ರಿಲ್ ಕತ್ತರಿಸಿದರೆ ಅಪಾಯ ಕೆಲಸಗಾರನಿಗೂ ಉಂಟು, ಚಪ್ಪಡಿಗೂ ಉಂಟು. ಹಗ್ಗ ಎಲ್ಲಿ ಹಾದಿದೆಯೆಂದು ಪತ್ತೆಮಾಡಿಸಿದ ಮೇಲೆಯೇ ತೂತು.

ಗ್ಯಾರೇಜಿನ ಬಾಗಿಲಿಗೂ ಒಂದು ಮಾತು. 1992ರ ಆಗಸ್ಟ್ 24ರಂದು ಆಂಡ್ರ್ಯೂ ಚಂಡಮಾರುತ ದಕ್ಷಿಣ ಫ್ಲಾರಿಡಾವನ್ನು ಅಪ್ಪಳಿಸಿದಾಗ ಕಂಡ ಪಾಠಗಳಲ್ಲಿ ಇದೊಂದು: ಅಗಲವಾದ ಗ್ಯಾರೇಜ್ ಬಾಗಿಲು ಒಳಕ್ಕೆ ಕುಸಿದರೆ ಗಾಳಿ ಮನೆಯೊಳಗೆ ನುಗ್ಗಿ ಛಾವಣಿಯನ್ನು ಒಳಗಿನಿಂದ ಒತ್ತುತ್ತದೆ, ಹೊರಗಿನಿಂದ ಎಳೆಯುವ ಗಾಳಿಗೆ ಒಳಗಿನ ಈ ಒತ್ತು ಸೇರಿಕೊಂಡಾಗ ಛಾವಣಿ ಹಾರುತ್ತದೆ. 2013ರ ಮೇ 20ರ ಸುಂಟರಗಾಳಿಯ ನಂತರ ಒಕ್ಲಹೋಮಾದ ಮೂರ್ ನಗರ 2014ರಲ್ಲಿ ಹೊಸ ಮನೆಗಳು ಗಂಟೆಗೆ 135 ಮೈಲಿಯ ಗಾಳಿಗೆ ನಿಲ್ಲಬೇಕೆಂದು ನಿಯಮ ಮಾಡಿದಾಗ, ಬಲವಾದ ಗ್ಯಾರೇಜ್ ಬಾಗಿಲನ್ನೂ ಅದರಲ್ಲಿ ಸೇರಿಸಿತು. ಅತಿ ತೀವ್ರ ಸುಂಟರಗಾಳಿ ನೇರವಾಗಿ ಮೇಲೆ ಹಾದರೆ ಈ ಯಾವುದೂ ಮನೆಯನ್ನು ಉಳಿಸಲಾರದು. ಅದಕ್ಕಾಗಿ ಚಪ್ಪಡಿಗೆ ಬೋಲ್ಟ್ ಮಾಡಿದ ಉಕ್ಕಿನ ಸುರಕ್ಷಾ ಕೋಣೆ ಬೇರೆಯೇ ಬೇಕು. ಆದರೆ ಹೆಚ್ಚಿನ ಸುಂಟರಗಾಳಿಗಳು ಅಷ್ಟು ತೀವ್ರವಾಗಿರುವುದಿಲ್ಲ, ತೀವ್ರವಾದದ್ದರ ಅಂಚಿನಲ್ಲಿ ಸಿಕ್ಕುವ ಮನೆಗಳೇ ನಡುವಿನಲ್ಲಿ ಸಿಕ್ಕುವವಕ್ಕಿಂತ ಹೆಚ್ಚು.

ಪ್ರಶ್ನೆ: ಕುಂದಾಪುರದ ಬಳಿ ನಮ್ಮದು ಮುರಕಲ್ಲಿನ ಗೋಡೆಯ ಹಳೆಯ ಹಂಚಿನ ಮನೆ. ಹಂಚು ಒಡೆದು ಸೋರುತ್ತಿದ್ದುದರಿಂದ ಹಂಚು ಹೊರುವ ಮರದ ಪಕ್ಕಾಸು, ರೀಪುಗಳನ್ನೂ ತೆಗೆಸಿ ಕಬ್ಬಿಣದ ಪೈಪು ಮತ್ತು ಶೀಟು ಹಾಕಿಸಿದೆವು. ಅಂಗಳಕ್ಕೂ ಅದನ್ನೇ ಮುಂದುವರಿಸಿದೆವು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಅಂಗಳದ ಶೀಟು ಕಂಬಸಮೇತ ಎದ್ದು ಹೋಯಿತು. ಅರವತ್ತು ವರ್ಷ ಹಂಚಿನ ಮಾಡಿಗೆ ಏನೂ ಆಗಿರಲಿಲ್ಲ. ಈಗ ಮತ್ತೆ ಹಾಕಿಸುವಾಗ ಏನು ಮಾಡಬೇಕು?

ಉತ್ತರ: ನಿಮ್ಮ ಹಂಚಿನ ಮಾಡನ್ನು ಯಾರೂ ಗೋಡೆಗೆ ಕಟ್ಟಿರಲಿಲ್ಲ, ಅದಕ್ಕೆ ಅಷ್ಟಾಗಿ ಅಗತ್ಯವೂ ಬಿದ್ದಿರಲಿಲ್ಲ. ಮಂಗಳೂರು ಹಂಚಿನ ಮಾಡು ಚದರ ಮೀಟರಿಗೆ ಹಂಚೊಂದರಿಂದಲೇ ಸುಮಾರು 40 ಕಿಲೋ ತೂಗುತ್ತದೆ, ಮರದ ತೂಕ ಬೇರೆ. ಅದಕ್ಕಿಂತಲೂ ಮುಖ್ಯವಾಗಿ, ಹಂಚಿನ ಸಂದುಗಳಲ್ಲಿ ಗಾಳಿ ನುಸುಳುವುದರಿಂದ ಮಾಡಿನ ಒಳಗಿನ ಮತ್ತು ಹೊರಗಿನ ಒತ್ತಡ ಬಹಳಮಟ್ಟಿಗೆ ಸಮವಾಗುತ್ತಿತ್ತು. ಅರ್ಧ ಮಿಲಿಮೀಟರ್ ದಪ್ಪದ ಶೀಟು ತೂಗುವುದು ಚದರ ಮೀಟರಿಗೆ ನಾಲ್ಕೈದು ಕಿಲೋ, ಅದರಲ್ಲಿ ಗಾಳಿ ನುಸುಳುವುದೂ ಇಲ್ಲ. ಮಾಡು ಬದಲಾಯಿಸಿದಾಗ ನೀವು ಬದಲಿಸಿದ್ದು ಹೊದಿಕೆಯನ್ನಲ್ಲ, ಮನೆ ಗಾಳಿಗೆ ನಿಲ್ಲುವ ರೀತಿಯನ್ನೇ. ಕರಾವಳಿಯಲ್ಲಿ ಈಗ ಮನೆಮನೆಗೂ ಇದು ನಡೆಯುತ್ತಿದೆ, ಇದನ್ನು ಹೇಳುವ ವೆಲ್ಡಿಂಗಿನವರು ಮಾತ್ರ ಅಪರೂಪ.

ಲೆಕ್ಕ ಹಾಕೋಣ. ಗಾಳಿಬಲದ ಭಾರತೀಯ ಮಾನಕ ಐಎಸ್ 875ರ ಮೂರನೆಯ ಭಾಗ ಮಂಗಳೂರಿಗೆ ಕೊಟ್ಟಿರುವ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ 140 ಕಿ.ಮೀ. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಬರುವ ಒತ್ತಡ ಚದರ ಮೀಟರಿಗೆ ಸುಮಾರು 910 ನ್ಯೂಟನ್, ನಮ್ಮ ಲೆಕ್ಕದಲ್ಲಿ 93 ಕಿಲೋ. ಮಾಡಿನ ಆಕಾರ, ಸುತ್ತಲಿನ ಮರಗಿಡಗಳನ್ನು ಅವಲಂಬಿಸಿ ಇದು ಹೆಚ್ಚುಕಡಿಮೆಯಾಗುತ್ತದೆ. ಮೂಲೆಗಳಲ್ಲಿ, ಸೂರಿನ ಅಂಚಿನಲ್ಲಿ ಹೆಚ್ಚು. ಸ್ಥೂಲವಾಗಿ ಚದರ ಮೀಟರಿಗೆ 90 ಕಿಲೋ ಮೇಲೆತ್ತುತ್ತದೆಂದು ಇಟ್ಟುಕೊಳ್ಳಿ.

ಅಂಗಳದ ಒಂದು ಕಂಬದ ಪಾಲಿಗೆ 7 ಚದರ ಮೀಟರ್ ಮಾಡು ಬರುತ್ತದೆಂದಾದರೆ, ಪೈಪು ಶೀಟುಗಳ ತೂಕ ಕಳೆದೂ ಆ ಕಂಬವನ್ನು ಗಾಳಿ 550 ಕಿಲೋದಷ್ಟು ಮೇಲಕ್ಕೆಳೆಯುತ್ತದೆ. ವಾಡಿಕೆಯಂತೆ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ಕಾಂಕ್ರೀಟ್ ತುಂಬಿದರೆ ಆ ಮುದ್ದೆಯ ತೂಕ ಹೆಚ್ಚೆಂದರೆ 230 ಕಿಲೋ. ನಿಮ್ಮ ಕಂಬಗಳು ಅಡಿಯ ಮುದ್ದೆಯೊಡನೆಯೇ ಎದ್ದವೋ ಅಥವಾ ಬುಡದ ವೆಲ್ಡಿಂಗ್ ಬಿಟ್ಟು ಎದ್ದವೋ ನೀವು ಬರೆದಿಲ್ಲ. ಎರಡರಲ್ಲಿ ಯಾವುದಾದರೂ ಆಶ್ಚರ್ಯವಿಲ್ಲ. ಎರಡಡಿ ಚೌಕ, ಮೂರಡಿ ಆಳ ಮಾಡಿಸಿದರೆ ಕಾಂಕ್ರೀಟಿನ ತೂಕ 800 ಕಿಲೋದ ಹತ್ತಿರ ಬರುತ್ತದೆ. ಕಂಬದ ಪೈಪನ್ನು ಅದರೊಳಗೆ ಹೂಳುವುದಕ್ಕಿಂತ, ಬುಡಕ್ಕೆ ಉಕ್ಕಿನ ತಟ್ಟೆ ವೆಲ್ಡ್ ಮಾಡಿ, ಕಾಂಕ್ರೀಟಿನ ಆಳದಲ್ಲಿ ಬಾಗಿಸಿ ಇಟ್ಟ ನಾಲ್ಕು ಬೋಲ್ಟುಗಳಿಗೆ ಬಿಗಿಸುವುದು ಒಳ್ಳೆಯದು. ಕರಾವಳಿಯ ಉಪ್ಪು ಗಾಳಿ ಮತ್ತು ಮಳೆಗೆ ಹೂತ ಪೈಪು ನೆಲಮಟ್ಟದಲ್ಲಿಯೇ ತುಕ್ಕು ತಿಂದು ಸಣಕಲಾಗುತ್ತದೆ.

ಮನೆಯ ಮೇಲಿನ ಮಾಡು ಈ ಸಲ ಉಳಿದಿದೆಯೆಂದು ಸುಮ್ಮನಿರಬೇಡಿ. ಗೋಡೆಯ ತಲೆಯ ಮೇಲೆ ಪೈಪನ್ನಿಟ್ಟು, ಮೇಲಿನ ಒಂದು ವರಸೆಯ ಕಲ್ಲಿಗೆ ಬೋಲ್ಟ್ ಹಾಕಿ ಸಿಮೆಂಟ್ ಮೆತ್ತಿದ್ದರೆ, ಗಾಳಿ ಶೀಟಿನ ಜೊತೆಗೆ ಆ ಕಲ್ಲನ್ನೂ ಎತ್ತುತ್ತದೆ. ಆರು ಮೀಟರ್ ಅಗಲದ ಮನೆಯಾದರೆ, ಸೂರು ಸೇರಿ ಒಂದೊಂದು ಬದಿಯ ಗೋಡೆಗೆ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 270 ಕಿಲೋ ಎತ್ತುಬಲ ಬರುತ್ತದೆ. 20 ಸೆಂ.ಮೀ. ದಪ್ಪದ ಮುರಕಲ್ಲಿನ ಗೋಡೆ ಮೀಟರ್ ಉದ್ದ, ಮೀಟರ್ ಎತ್ತರಕ್ಕೆ ತೂಗುವುದು 400 ಕಿಲೋದಷ್ಟು. ಅಂದರೆ ಮಾಡನ್ನು ಗೋಡೆಗೆ ಹಿಡಿದಿಡುವ ಸಲಾಕೆ ಕನಿಷ್ಠ ಎರಡೂಕಾಲು ಅಡಿ ಗೋಡೆಯನ್ನು ತನ್ನ ಮೇಲೆ ಹೊತ್ತಿರಬೇಕು. ಸುರಕ್ಷತೆಯ ಅಂಶವನ್ನೂ ಸೇರಿಸಿದರೆ ಅದು ಬಾಗಿಲು ಕಿಟಕಿಗಳ ತಲೆಯ ಮೇಲಿನ ಲಿಂಟಲ್ ಮಟ್ಟಕ್ಕೇ ಇಳಿಯಬೇಕು. ಲಿಂಟಲ್ ಮಟ್ಟದಲ್ಲಿ ಸುತ್ತಲೂ ಆರ್‌ಸಿಸಿ ಬೆಲ್ಟ್ ಇದ್ದರೆ ಅದರಿಂದ ಎದ್ದ 12 ಮಿ.ಮೀ. ಸಲಾಕೆಗಳನ್ನು ನಾಲ್ಕಡಿಗೊಂದರಂತೆ ಗೋಡೆಯ ಮೇಲಿನ ಹೊಸ ಬೆಲ್ಟಿಗೆ ಸೇರಿಸಿ, ಮಾಡಿನ ಪೈಪನ್ನು ಆ ಮೇಲಿನ ಬೆಲ್ಟಿಗೆ ಬೋಲ್ಟ್ ಮಾಡುವುದು ಸರಿಯಾದ ಕ್ರಮ. ಹಳೆಯ ಮನೆಯಲ್ಲಿ ಬೆಲ್ಟ್ ಇರುವುದು ಕಡಿಮೆ. ಆಗ ಗೋಡೆಯ ಹೊರಮೈ ಮತ್ತು ಒಳಮೈಗಳಲ್ಲಿ ಉಕ್ಕಿನ ಪಟ್ಟಿಯನ್ನು ಲಿಂಟಲ್ಲಿನವರೆಗೆ ಇಳಿಸಿ, ಗೋಡೆಯನ್ನು ತೂರಿ ಹೋಗುವ ಬೋಲ್ಟಿನಿಂದ ಎರಡನ್ನೂ ಜೋಡಿಸಬಹುದು.

ಶೀಟನ್ನು ಪೈಪಿಗೆ ಹಿಡಿಸುವ ಜೆ-ಹುಕ್ಕುಗಳು ಅಥವಾ ಸ್ಕ್ರೂಗಳು ನಡುಭಾಗದಲ್ಲಿ ವಾಡಿಕೆಯಷ್ಟಿರಲಿ. ಸೂರಿನ ಅಂಚು, ಮಾಡಿನ ನೆತ್ತಿ ಮತ್ತು ನಾಲ್ಕು ಮೂಲೆಗಳಲ್ಲಿ ಅದರ ಎರಡು ಪಟ್ಟು ಇರಲಿ. ಶೀಟಿನ ಮೇಲೆ ಮರಳಿನ ಚೀಲ, ಕಲ್ಲು, ಹಳೆಯ ಟೈರು ಇಡುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಶೀಟು ಹಾರುವುದನ್ನು ಅವು ತಡೆಯುವುದಿಲ್ಲ, ಶೀಟಿನೊಡನೆ ತಾವೂ ಹಾರುತ್ತವೆ.

ಪ್ರಶ್ನೆ: ಆಳಂದ ತಾಲೂಕಿನಲ್ಲಿ ನಮ್ಮ ಹಿರಿಯರ ಮಾಳಿಗೆ ಮನೆಯಿದೆ. ದಪ್ಪ ಕಲ್ಲಿನ ಗೋಡೆ, ಒಳಗೆ ಮರದ ಕಂಬ ಮತ್ತು ತೊಲೆ, ಮೇಲೆ ಎರಡಡಿಯಷ್ಟು ಮಣ್ಣು. ಕಂಬಗಳು ಕಲ್ಲಿನ ಮೇಲೆ ಸುಮ್ಮನೆ ನಿಂತಿವೆ. ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪದಲ್ಲಿ ಈ ಮನೆ ನಡುಗಿತ್ತೆಂದು ತಂದೆಯವರು ಹೇಳುತ್ತಾರೆ. ಕಂಬಗಳನ್ನು ಅಡಿಗಲ್ಲಿಗೆ ಬೋಲ್ಟ್ ಮಾಡಿಸಬೇಕೇ?

ಉತ್ತರ: ನಿಮ್ಮ ಮನೆಗೆ ಅದು ಮೊದಲ ಕೆಲಸವಲ್ಲ, ಎರಡನೆಯದೂ ಅಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಸುತ್ತ ಸಾವಿರಾರು ಜನರನ್ನು ಕೊಂದದ್ದು ನಿಮ್ಮಲ್ಲಿರುವಂಥದೇ ಗೋಡೆ. ಹೊರಮೈಗೊಂದು ಕಲ್ಲಿನ ಸಾಲು, ಒಳಮೈಗೊಂದು ಸಾಲು, ನಡುವೆ ಸಣ್ಣ ಕಲ್ಲು ಮತ್ತು ಮಣ್ಣು. ಎರಡು ಸಾಲುಗಳನ್ನು ಹಿಡಿದಿಡುವ ಅಡ್ಡಗಲ್ಲು ಇಲ್ಲದ್ದರಿಂದ ಅಲುಗಾಡಿದ ಕೂಡಲೇ ಗೋಡೆ ಹೊಟ್ಟೆ ಬಿಟ್ಟು ಒಡೆಯುತ್ತದೆ. ಕೆಲವೆಡೆ ಗೋಡೆಗಳು ಪೂರ್ತಿ ಬಿದ್ದರೂ ಒಳಗಿನ ಮರದ ಚೌಕಟ್ಟು ಮಾಳಿಗೆಯನ್ನು ಹೊತ್ತು ನಿಂತೇ ಇತ್ತು. ಆದ್ದರಿಂದ ನಿಮ್ಮ ಕಂಬ ತೊಲೆಗಳನ್ನು ಗೆಳೆಯರೆಂದೇ ತಿಳಿಯಿರಿ.

ಮೊದಲು ಮಾಳಿಗೆಯ ಮಣ್ಣನ್ನು ಇಳಿಸಿ, 20 ಸೆಂ.ಮೀ. ಮಾತ್ರ ಉಳಿಸಿಕೊಳ್ಳಿ, ಸೋರದಂತೆ ಅದರಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಕಬಹುದು. ಎರಡಡಿಗೆ ಹೋಲಿಸಿದರೆ ತಲೆಯ ಮೇಲಿನ ಭಾರ ಮೂರನೆಯ ಒಂದಕ್ಕೆ ಇಳಿಯುತ್ತದೆ, ಭೂಕಂಪ ತಳ್ಳುವ ಬಲವೂ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. ಖರ್ಚೆಂದರೆ ಆಳಿನ ಕೂಲಿ ಮಾತ್ರ. ಎರಡನೆಯದಾಗಿ, ಗೋಡೆಯಲ್ಲಿ ಅಲ್ಲಲ್ಲಿ ಕಲ್ಲು ಬಿಡಿಸಿ, ಆಚೆಯಿಂದ ಈಚೆಗೆ ತೂರುವ ಸಲಾಕೆಯಿಟ್ಟು ಕಾಂಕ್ರೀಟ್ ತುಂಬಿ, ಇಲ್ಲದ ಅಡ್ಡಗಲ್ಲನ್ನು ಹೀಗೆ ಹುಟ್ಟಿಸಬೇಕು. ಮೂರನೆಯದಾಗಿ, ಪ್ರತಿ ಕಂಬದ ತಲೆಯಿಂದ ತೊಲೆಗೆ ಓರೆಯಾಗಿ ಮರದ ಊರುಗೋಲು ಕೊಟ್ಟು ಬೋಲ್ಟ್ ಮಾಡಬೇಕು. ಇಲ್ಲವಾದರೆ ಕಂಬಗಳ ಸಾಲು ಒಟ್ಟಿಗೆ ವಾಲುತ್ತದೆ. ಸ್ಯಾನ್ ಹೊಸೆಯವರ ಗಿಡ್ಡಗೋಡೆಗೆ ಪ್ಲೈವುಡ್ ಮಾಡುವ ಕೆಲಸವನ್ನೇ ನಿಮ್ಮಲ್ಲಿ ಈ ಊರುಗೋಲು ಮಾಡುತ್ತದೆ. ಇಷ್ಟಾದ ಮೇಲೆ ಕಂಬದ ಬುಡವನ್ನು ಕಲ್ಲಿನಿಂದ ಸರಿದುಬೀಳದಂತೆ ಉಕ್ಕಿನ ಕೊರಳಪಟ್ಟಿ ಹಾಕಿ ಹಿಡಿಸಬಹುದು. ತಲೆಗೆ ಊರುಗೋಲಿಲ್ಲದೆ ಬುಡವನ್ನು ಮಾತ್ರ ಬಿಗಿಸಿದರೆ ಬಾಗುವ ಬಲವೆಲ್ಲ ಆ ಬುಡಕ್ಕೇ ಬಂದು, ನೂರು ವರ್ಷದ ಮರ ಅಲ್ಲಿಯೇ ಸೀಳಬಹುದು.

ಪ್ರಶ್ನೆ: ಬೆಂಗಳೂರಿನಲ್ಲಿ ಆರ್‌ಸಿಸಿ ಕಂಬಗಳ ಮೂರಂತಸ್ತಿನ ಮನೆ ಕಟ್ಟಿಸುತ್ತಿದ್ದೇವೆ. ಕೆಳಗೆ ಪಾರ್ಕಿಂಗ್, ಮೇಲೆ ತಾರಸಿಗೆ ಶೀಟು. ನಮಗೂ ಈ ಬೋಲ್ಟುಗಳ ಚಿಂತೆ ಬೇಕೇ?

ಉತ್ತರ: ಅಡಿಪಾಯದ ಮಟ್ಟದಲ್ಲಿ ಬೇಡ. ಕಂಬದಡಿಯ ಕಾಂಕ್ರೀಟ್ ಫುಟಿಂಗಿನಿಂದ ಎದ್ದ ಕಂಬಿಗಳೇ ಕಂಬದೊಳಗೆ ಮುಂದುವರಿಯುವುದರಿಂದ ನಿಮ್ಮ ಮನೆ ಹುಟ್ಟುವಾಗಲೇ ಅಡಿಪಾಯಕ್ಕೆ ಕಟ್ಟಿಕೊಂಡಿರುತ್ತದೆ. ಐಎಸ್ 1893ರ 2016ರ ಆವೃತ್ತಿಯ ನಕ್ಷೆಯಲ್ಲಿ ಬೆಂಗಳೂರು ಎರಡನೆಯ ವಲಯದಲ್ಲಿದೆ, ಮಂಗಳೂರು ಮೂರನೆಯದರಲ್ಲಿ. ಆದರೆ ಗೋಡೆಯಿಲ್ಲದ ಪಾರ್ಕಿಂಗ್ ಅಂತಸ್ತು ಎಂದರೆ ನಮ್ಮ ಊರಿನ ಗಿಡ್ಡಗೋಡೆಯೇ. 1994ರ ಜನವರಿ 17ರಂದು ನಾರ್ತ್‌ರಿಡ್ಜ್ ಭೂಕಂಪದಲ್ಲಿ ಕೆಳ ಅಂತಸ್ತು ಕುಸಿದ ಒಂದೇ ಅಪಾರ್ಟ್‌ಮೆಂಟಿನಲ್ಲಿ 16 ಜನ ಸತ್ತರು; 2001ರ ಜನವರಿ 26ರಂದು ಭುಜ್‌ನಿಂದ ಬಹುದೂರದ ಅಹಮದಾಬಾದಿನಲ್ಲಿ ಬಿದ್ದ ಕಟ್ಟಡಗಳಲ್ಲಿ ಹೀಗೆ ಕೆಳಗೆ ಬರಿದಾಗಿದ್ದವು ಹಲವು. ಪಾರ್ಕಿಂಗಿನ ಸುತ್ತ ಒಂದೆರಡು ಕಡೆಯಾದರೂ, ಎರಡೂ ದಿಕ್ಕುಗಳಲ್ಲಿ, ಆರ್‌ಸಿಸಿ ಗೋಡೆ ಕೊಡಲು ನಿಮ್ಮ ಎಂಜಿನಿಯರರನ್ನು ಕೇಳಿ. ಕಂಬಗಳ ಬುಡ ಮತ್ತು ತಲೆಗಳಲ್ಲಿ ರಿಂಗುಗಳು ಒತ್ತಾಗಿವೆಯೇ, ಅವುಗಳ ಕೊಕ್ಕೆ 135 ಡಿಗ್ರಿ ಬಾಗಿ ಕಾಂಕ್ರೀಟಿನ ಒಡಲಿಗೆ ಸಿಕ್ಕಿಕೊಂಡಿದೆಯೇ ಎಂದು ಕಾಂಕ್ರೀಟ್ ಸುರಿಯುವ ಮೊದಲು ನೋಡಿ.

ತಾರಸಿಯ ಶೀಟಿನ ಕಂಬಗಳನ್ನು ಮೇಸ್ತ್ರಿಗಳು ಪ್ಯಾರಪೆಟ್ಟಿನ ಇಟ್ಟಿಗೆಗೆ ಹಿಡಿಸುತ್ತಾರೆ, ಒಪ್ಪಬೇಡಿ. ಬೆಂಗಳೂರಿಗೆ ಮಾನಕ ಹೇಳುವ ಸೆಕೆಂಡಿಗೆ 33 ಮೀಟರಿನ ಗಾಳಿಯೂ ಚದರ ಮೀಟರಿಗೆ 65 ಕಿಲೋಗಿಂತ ಹೆಚ್ಚಿನ ಒತ್ತಡ ತರುತ್ತದೆ, ಅದನ್ನು ಮೂರಡಿಯ ಇಟ್ಟಿಗೆ ಕಟ್ಟೆ ತಡೆಯಲಾರದು. ಮನೆಯ ಕಂಬಗಳ ನೆತ್ತಿಯಲ್ಲಿ, ತಾರಸಿಯ ಕಾಂಕ್ರೀಟ್ ಹಾಕುವ ದಿನವೇ ನಾಲ್ಕು ನಾಲ್ಕು ಬೋಲ್ಟುಗಳನ್ನು ನಿಲ್ಲಿಸಿಬಿಡಿ. ಶೀಟಿನ ಕಂಬದ ತಟ್ಟೆ ಮುಂದೆ ಅಲ್ಲಿಯೇ ಕೂರಲಿ. ಆಮೇಲೆ ಡ್ರಿಲ್ ಮಾಡಿ ಹಾಕುವುದಾದರೆ ತಾರಸಿಯ ನೀರುನಿರೋಧಕ ಪದರವೂ ತೂತಾಗುತ್ತದೆ, ಗಾಳಿಯ ಜೊತೆಗೆ ಸೋರಿಕೆಯ ಪ್ರಶ್ನೆಯನ್ನೂ ನೀವು ಮುಂದಿನ ಮಳೆಗಾಲದಲ್ಲಿ ನನಗೆ ಬರೆಯಬೇಕಾಗುತ್ತದೆ.